ಅವ್ವ ಸಾಯಗೊಡದ ನಾಯಕಿ

ರೈತರ ಕಾಳು ಮಾರಿಕೊಡುವ ನಮ್ಮ ಅಡತ ಅಂಗಡಿಯ ತಕ್ಕಡಿ ಮುಟ್ಟಿ ಹೇಳುತ್ತೇನೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನನ್ನಂಥವನಿಗೆ ಇಂಥವು ಆಗುತ್ತಲೇ ಇರುತ್ತವೆ, ಏನು ಮಾಡಲಿ! ಪೊಲೀಸ್ ಆ್ಯಕ್ಷನ್ ಮುಗಿದು ನಿಜಾಮರ ರಾಜ್ಯ ಹೋಗಿದ್ದ ಕಾಲ. ಉದಗೀರದ ನಮ್ಮ ಪೇಟೆಯಲ್ಲಿ ಮನೆಮಾತು ಕನ್ನಡ, ವ್ಯಾಪಾರ ಮರಾಠಿ, ಸಾಲಿಯಲ್ಲಿ ಕಲಿತದ್ದು ಉರ್ದು. ಹೀಗಾಗಿ ಕನ್ನಡದ ಅಚ್ಚು ಸರಾಗ ಓದುವವನು ಇಡೀ ಪೇಟೆಗೆ ನಾನೊಬ್ಬನೇ. ಒಬ್ಬ ಕಾದಂಬರಿಕಾರರೆಂದರೆ ನನಗೆ ಪ್ರಾಣ. ನನ್ನಂಥ ಓದುಗ ಸಿಕ್ಕಿದ್ದು ಅವರ ಪುಣ್ಯ ಅನ್ನಿ.

ಉಡಿ ತುಂಬಿದ ಪುಸ್ತಕ

ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಅವರ ಹೊಸ ಕಾದಂಬರಿ ಓದುತ್ತಿದ್ದೆ. ಅವ್ವನೂ ಓಣಿಯ ಹೆಂಗಸರೂ ಕೂತು ಕೇಳುವರು. ಪುರಾಣ ಕೇಳಿ ರೂಢಿಯಾದವರು. ಅವರಿಗೆ ಅಚ್ಚಾದದ್ದೆಲ್ಲ ಪುರಾಣವೇ. ನಾಯಕಿಯ ಮದುವೆ ಬಂದ ದಿನ ಅವ್ವ ಎದ್ದು ಹೋಗಿ ಖಣ, ಅಕ್ಕಿ, ಅರಿಷಿಣ ತಂದು ಪುಸ್ತಕಕ್ಕೆ ಉಡಿ ತುಂಬಿದಳು.

"ಯವ್ವಾ, ಇದು ಕಾದಂಬರಿ ಅದ."

"ಇರಲೇಳು. ತವರಿನವರು ಯಾರೂ ಬಂದಿಲ್ಲಂತ ನೀನೇ ಓದಿದಿ. ಬರೇ ಉಡೀಲೆ ಕಳಸ್ಲೇನು?"

ಮರುದಿನ ತೆರೆದರೆ, ನಾಯಕಿ ಗಂಡನ ಮನೆಯ ಹೊಸ್ತಿಲು ದಾಟುವ ಪುಟದಿಂದಲೇ ಅಕ್ಕಿ ಸುರಿಯಿತು. ಬರೆದವರಿಗೂ ಹೊಳೆಯದ ಸೊಗಸು!

ಕೆಟ್ಟ ಮೈದುನನ ಊರು

ಅಂಗಡಿಗೆ ಜೋಳ ತಂದ ರೈತರಿಗೂ ಅದೇ ಕತೆ ಹೇಳುತ್ತಿದ್ದೆ. ತುರೋರಿ ಹಳ್ಳಿಯವನೊಬ್ಬ ಕೇಳಿದ: "ಆ ಹೆಣ್ಮಗಳಿಗಿ ಕಾಡ್ತಾನಲ್ರೀ ಮೈದುನ, ಆ ಹಲ್ಕಟ್ ಯಾ ಊರಾಂವ?"

ಪುಸ್ತಕದಲ್ಲಿ ಊರಿರಲಿಲ್ಲ. ರುಚಿಗಿರಲಿ ಎಂದು "ನಿಲಂಗಾ" ಅಂದೆ. ಮುಂದಿನ ಸಂತೆಗೆ ನಿಲಂಗಾದ ಗಾಡಿಗಳೆಲ್ಲ ನಮ್ಮ ಬಾಗಿಲು ದಾಟಿ ಎದುರಿನ ಅಂಗಡಿಯ ಮುಂದೆ ನಿಂತವು. ಹೆದರಿ ಮೈದುನನನ್ನು ಉಮರಗಾಕ್ಕೆ ಸಾಗಿಸಿದೆ. ತುರೋರಿಯವನೇ ಓಡಿಬಂದ: "ಸಾವಕಾರ್ರ, ಉಮರಗಾದಾಗ ನನ್ನ ಮಗಳಿಗಿ ಕೊಟ್ಟೀನ್ರೀ. ಅಂಥಾಂವಗ ಅಲ್ಲಿ ಇಡಬ್ಯಾಡ್ರಿ!"

ಕಡೆಗೆ ಮುಂಬೈಗೆ ಅಟ್ಟಿಬಿಟ್ಟೆ. ಅಲ್ಲಿಂದ ನಮ್ಮ ಅಂಗಡಿಗೆ ಜೋಳ ತರುವವರು ಯಾರೂ ಇಲ್ಲ.

ಅವ್ವನ ಉಪವಾಸ

ಒಂದು ದಿನ ನಾಯಕಿಗೆ ಜ್ವರ ಏರಿತು. ಅಲ್ಲಿಗೆ ಅಧ್ಯಾಯ ಮುಗಿಯಿತು. ರಾತ್ರಿ ಊಟಕ್ಕೆ ಕೂತಾಗ ಅವ್ವ ತಾಟು ಸರಿಸಿದಳು: "ಆಕಿ ಜ್ವರ ಇಳಿಯೂತನಕಾ ನಾ ತುತ್ತ ಮುಟ್ಟಂಗಿಲ್ಲ."

ಒಂದು ಹೊತ್ತು ಬಿಟ್ಟರೆ ತಲೆ ತಿರುಗಿ ಬೀಳುವ ವಯಸ್ಸು ಅವಳದು. ಗಾಬರಿಯಾಗಿ ಮುಂದಿನ ಪುಟ ತಿರುವಿದೆ. ನಾಯಕಿ ಮೊದಲ ಸಾಲಿನಲ್ಲೇ ಸತ್ತಿದ್ದಳು!

ದೇವರಂಥ ಲೇಖಕರು ಒಂದು ಕಡೆ, ಹೆತ್ತವ್ವ ಒಂದು ಕಡೆ. ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಜ್ವರ ಇಳಿಸಿದೆ, ಗಂಜಿ ಕುಡಿಸಿದೆ, ಎಬ್ಬಿಸಿ ಕೂಡಿಸಿದೆ. ಅವ್ವ ರೊಟ್ಟಿ ಮುರಿದಳು. ಆದರೆ ಬದುಕಿದವಳು ಸುಮ್ಮನಿರುತ್ತಾಳೆಯೇ? ಪುಸ್ತಕ ಮುಗಿದು ಎಷ್ಟೋ ಸುಗ್ಗಿ ಕಳೆದರೂ ನಾನು ಓದುತ್ತಲೇ ಇದ್ದೆ. ಅವಳಿಗೆ ಮಕ್ಕಳು ಮೂರಾದವು.

ಕೊಂದವರೇ ಊಟಕ್ಕೆ ಬಂದರು

ಕೋಟೆ ನೋಡಲೆಂದು ಆ ಲೇಖಕರೇ ಒಮ್ಮೆ ಉದಗೀರದಲ್ಲಿ ರೈಲು ಇಳಿದರು. ಕಾಲಿಗೆ ಬಿದ್ದು ಊಟಕ್ಕೆ ಕರೆತಂದೆ. ಮನೆಯ ಕಟ್ಟೆ ಹತ್ತಿದ ಮೇಲೆ ಹೊಳೆಯಿತು: ನಿಜ ತಿಳಿದರೆ ಅವ್ವ ಈ ಜನ್ಮದಲ್ಲಿ ನನ್ನ ಬಾಯಿಂದ ಇನ್ನೊಂದು ಪುಟ ಕೇಳುವುದಿಲ್ಲ!

ಅವ್ವ ಹೋಳಿಗೆ ಬಡಿಸುತ್ತ ಶುರುಮಾಡಿಯೇಬಿಟ್ಟಳು. "ಯಪ್ಪಾ, ನಮ್ಮ ಹುಡುಗಿಗಿ ಉಳಿಸಿದಿ. ನಿನ್ನ ಕೈ ತಂಪಿರಲಿ. ಆರಾಮ ಇದ್ದಾಳಿಲ್ಲೋ?"

ಲೇಖಕರು ನನ್ನ ಕಡೆ ನೋಡಿದರು. ನಾನು ಅವ್ವನ ಬೆನ್ನ ಹಿಂದೆ ಕೈ ಮುಗಿದು ನಿಂತಿದ್ದೆ.

"ಆರಾಮ... ಇದ್ದಾಳವ್ವ."

"ಮಕ್ಕಳೆಷ್ಟು?"

"ಎರಡು."

ಅವ್ವ ಸಟ್ಟುಗ ಹಿಡಿದುಕೊಂಡೇ ನನ್ನತ್ತ ತಿರುಗಿದಳು. "ಮೂರಂತ ಓದಿದ್ಯಲ್ಲೋ! ಸುಳ್ಳ ಓದಿದೇನು?"

ಪ್ರತಿಭೆ ಅಂದರೆ ಇದು ನೋಡಿ. ಲೇಖಕರು ಚೂರೂ ತಡವರಿಸದೆ ಅಂದರು: "ಹೊಟ್ಟ್ಯಾಗಿಂದೂ ಹಿಡದು ಮೂರವ್ವ."

ಅವ್ವ ತುಪ್ಪದ ಗಿಂಡಿಯನ್ನೇ ಅವರ ತಾಟಿಗೆ ಬೋರಲು ಹಾಕಿದಳು. "ಹಂಗಾರ ಬಸುರಿ ಕುಬಸ ನಮ್ಮ ಮನ್ಯಾಗೇ ಆಗಲಿ!"

ಒಂದೇ ಒಂದು ಸಣ್ಣ ಮಾತು ಮಾತ್ರ ನಾನು ಕಟ್ಟಿದ್ದು. ಆಗ ಲೇಖಕರ ಬಾಯಿ ತುಂಬ ಹೋಳಿಗೆ ಇತ್ತು. ಹೊಟ್ಟೆಯೊಳಗಿನದನ್ನೂ ಎಣಿಸಿ ಮೂರು ಅಂದವನು ನಾನು. ಅವರು ನುಂಗಿ ತಲೆಯಾಡಿಸಿದರು, ಅಷ್ಟೇ. ಇಷ್ಟು ದಿನ ಅವರ ಹೆಸರಿನಲ್ಲಿ ನನ್ನ ಮಾತು ಓದಿದವನು, ಒಂದನ್ನು ಅವರಿಗೇ ಬಿಟ್ಟುಕೊಟ್ಟರೆ ತಪ್ಪೇನು?