ಲಾರಿಗೆ ಬಳಿದ ಗೇರೆಣ್ಣೆ

ಕೆಲಸ ಕೊಡದ ವಸ್ತುವನ್ನು ಮನೆಯಲ್ಲಿ ಇಟ್ಟುಕೊಳ್ಳುವವಳು ನಾನಲ್ಲ. ತೂತುಬಿದ್ದ ಹಂಡೆ ಇರಲಿ, ಹಲ್ಲು ಹೋದ ಹೆರೆಮಣೆ ಇರಲಿ, ಮರುದಿನವೇ ಗುಜರಿಗೆ. ಆದರೆ ಹಂಗಾರಕಟ್ಟೆಯ ನಮ್ಮ ಅಂಗಳದಲ್ಲಿ ನಿಂತಿರುವ ಹಳೇ ಮಿಲಿಟರಿ ಲಾರಿಯ ವಿಷಯ ಬಂದರೆ ನಾಲಗೆ ಸ್ವಲ್ಪ ತಡವರಿಸುತ್ತದೆ. ನನ್ನ ಗಂಡ ಅದನ್ನು ಹರಾಜಿನಲ್ಲಿ ತಂದದ್ದು. ಮುಂದಿನ ಚಕ್ರವೂ ಎಳೆಯುವ ಲಾರಿ, ದಡದ ಹೊಯಿಗೆಯಲ್ಲಿ ಹೂತುಹೋಗುವುದಿಲ್ಲ. ಮಳೆಗಾಲಕ್ಕೆ ಮುಂಚೆ ದೋಣಿಗಳನ್ನು ದಡಕ್ಕೆ ಎಳೆಯುವುದೇ ಅದರ ಕೆಲಸ. ಯುದ್ಧಕ್ಕೆಂದು ಹುಟ್ಟಿ ಬಂಗುಡೆ ಹಿಡಿಯುವ ದೋಣಿ ಎಳೆದು ಮುದಿಯಾಯಿತು; ಯಾರು ಯಾವುದಕ್ಕೆ ಹುಟ್ಟುತ್ತಾರೋ, ಯಾವುದರಲ್ಲಿ ಸವೆಯುತ್ತಾರೋ. ಗಂಡ ತೀರಿಕೊಂಡ ಮೇಲೆ ಲಾರಿಯ ಆರೈಕೆ ನನ್ನ ಪಾಲಿಗೆ ಬಂತು. ಅವರ ಆರೈಕೆಯೇ ಸುಲಭವಿತ್ತು, ಗಂಜಿ ಬಡಿಸಿದರೆ ಸಾಕಿತ್ತು.

ಈ ವರ್ಷ ಲಾರಿ ಓಡಿಸಲು ಬ್ರಹ್ಮಾವರದಿಂದ ಬಂದ ತಂಗಿಯ ಮಗ, ಮೆಕ್ಯಾನಿಕ್ ರಘು, ಕೀ ತಿರುಗಿಸಿದರೆ ಲಾರಿ 'ಟಕ್' ಅಂದು ಸುಮ್ಮನಾಯಿತು. ಕಡಲಿನ ಉಬ್ಬರಕ್ಕೆ ಹೊಳೆಯ ನೀರು ಏರಿ ನಿಂತಿತ್ತು. ಅದು ಇಳಿಯುವುದರೊಳಗೆ ದೋಣಿ ಮೇಲೆ ಬರಬೇಕು. ದೋಣಿಯ ಯಜಮಾನ ಸುಬ್ಬಣ್ಣ ಹಗ್ಗ ಹಿಡಿದುಕೊಂಡು, "ಅಮ್ಮ, ನಿಮ್ ಲಾರಿ ಪೆನ್ಶನ್ ತಕಂಡ್ ಕೂಕಂಡಿತ್ತಾ ಎಂತ?" ಎಂದ. ಅದೂ ಹತ್ತು ಜನರ ಎದುರು. ನನಗೆ ಪಿತ್ತ ನೆತ್ತಿಗೇರಿತು. "ಇವತ್ತ್ ಹೊರ್ಡದಿದ್ರೆ ನಾಳೆ ಗುಜರಿಗೆ!" ಎಂದುಬಿಟ್ಟೆ. ಅಂದ ಮೇಲೆ ಬೇಡವಿತ್ತು ಅನ್ನಿಸಿತು. ಆಡಿದ ಮಾತು ಹಿಂದೆ ತೆಗೆದುಕೊಂಡವಳಲ್ಲ ನಾನು, ಅದು ಊರಿಗೇ ಗೊತ್ತು.

ರಘು ಲಾರಿಯಡಿ ತೂರಿ ಕೂಗಿದ. "ದೊಡ್ಡಮ್ಮ, ಬ್ಯಾಟ್ರಿ ವಯರ್ ಚಾಸಿ ಕಬ್ಣಕ್ಕೆ ಕೂಕಂಬಲ್ಲಿ ಎಣ್ಣಿ ಒಣಗಿ ಹಲಗಿ ಹಾಂಗ್ ಆಯಿತ್ತ್. ಕರೆಂಟ್ ಹ್ಯಾಂಗ್ ಹೋತ್ತ್? ಯಾರ್ ಬಳ್ದದ್ ಇದ್ನ?"

"ಮಿಲಿಟರಿಯವ್ರೇ ಬಳ್ದದ್ದ್ ಆಯ್ಕ್."

"ಮಿಲಿಟರಿಯವ್ರಿಗೆ ಗೇರೆಣ್ಣಿ ಎಲ್ ಸಿಕ್ತ್? ಕೈ ಕಾಣ್ಸಿ ಕಾಂಬ."

ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದಲ್ಲಿ ಚರ್ಮ ಏಳುತ್ತದೆ; ಅಂಗೈ ಎರಡೂ ಸುಲಿದಿದ್ದವು. ದೋಣಿಗೆ ಅದನ್ನೇ ಬಳಿದು ಉಪ್ಪುನೀರಿನಿಂದ ಕಾಪಾಡಿಕೊಂಡು ಬಂದವರು ನಾವು. ಲಾರಿಗೂ ತಾಗುವುದು ಉಪ್ಪುಗಾಳಿಯೇ ತಾನೆ? ವಯರಿನ ಬೋಲ್ಟ್ ಬಿಚ್ಚಿ ಒಳಗೂ ಬಳಿದಿದ್ದೆ. ಅರ್ಧಂಬರ್ಧ ಕೆಲಸ ಮಾಡಿ ನನಗೆ ಅಭ್ಯಾಸವಿಲ್ಲ.

ರಘು ಎಣ್ಣೆ ಕೆರೆದು, ಉಜ್ಜಿ, ವಯರ್ ಮತ್ತೆ ಬಿಗಿದ. ಲಾರಿ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ನೀರು ಇಳಿಯುವ ಮೊದಲೇ ಸುಬ್ಬಣ್ಣನ ದೋಣಿಯನ್ನು ಎಳೆದು ದಡಕ್ಕೆ ಹಾಕಿತು.

"ಹಂಗಾರೆ ಗುಜರಿಯವ್ನಿಗೆ ಎಂತ ಹೇಳೂದ್?" ಎಂದು ಕೇಳಿದ ರಘು.

"ಬಪ್ಪುಕೆ ಹೇಳ್. ಕೆಡ್ಸಿದ್ದ್ ನಾನ್, ನನ್ನೇ ತಕಂಡ್ ಹೋಯ್ಲಿ."

"ಅವ ತಕಂತಿಲ್ಲೆ ದೊಡ್ಡಮ್ಮ. ನಿಮ್ಮಲ್ ಬಾಯಿ ಒಂದ್ ಬಿಟ್ರೆ ಗಟ್ಟಿ ಸಾಮಾನ್ ಎಂತ ಇತ್ತ್?"

 ಉಳಿದ ಅರ್ಧ ಡಬ್ಬಿ ಗೇರೆಣ್ಣೆ ಎಲ್ಲಿಟ್ಟಿದ್ದೇನೆಂದು ಮಾತ್ರ ಅವನಿಗೆ ಹೇಳಲಿಲ್ಲ.