ಮುನಿಯಮ್ಮನ ರಾಗಿ ಹೊಲದ ಫೋಟೋ

ಕೊರಳಿಗೆ ಕ್ಯಾಮೆರಾ ಬಿದ್ದ ಮೇಲೆ ಮನುಷ್ಯನಿಗೆ ಮನುಷ್ಯರೇ ಅಡ್ಡಿ ಅನ್ನಿಸತೊಡಗುತ್ತಾರೆ. ಇದು ನನ್ನ ಸ್ವಂತ ಅನುಭವ. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು ಎಲ್ಲರೊಡನೆ ಹರಟೆ ಹೊಡೆದುಕೊಂಡಿದ್ದ ನಾನು, ಹಳೆಯದೊಂದು ಜಪಾನಿ ಕ್ಯಾಮೆರಾ ಕೊಂಡ ದಿನದಿಂದ ಪ್ರಕೃತಿಪ್ರೇಮಿಯಾಗಿಬಿಟ್ಟೆ. ಕೆರೆ, ಬಂಡೆ, ಮಂಜು, ಮರ ಇಷ್ಟೇ ನನ್ನ ಚೌಕಟ್ಟಿನೊಳಗೆ ಬರಬೇಕು. ಯಾರಾದರೂ ಅಡ್ಡ ಬಂದರೆ ಅವರು ದಾಟಿಹೋಗುವ ತನಕ ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಒಂದು ದಿನ ನನ್ನ ಹೆಂಡತಿ ಸರೋಜ ಆಲ್ಬಂ ತಿರುವಿ ಹಾಕಿ, "ಏನ್ರೀ, ನಮ್ಮನೇಲಿ ಯಾರೂ ಇಲ್ವಾ? ಬರೀ ಹುಣಸೇಮರಗಳೇ ಇವೆಯಲ್ಲಾ" ಅಂದಳು. ಪಾಪ, ಅವಳಿಗೆ ಕಲೆ ಅರ್ಥವಾಗುವುದಿಲ್ಲ ಎಂದು ನಾನು ದೊಡ್ಡ ಮನಸ್ಸು ಮಾಡಿ ಸುಮ್ಮನಾದೆ.

ಇಂಥ ನನ್ನ ಹುಚ್ಚಿಗೆ ನಾಲ್ಕು ಚಕ್ರ ಜೋಡಿಸಿಕೊಟ್ಟವನು ಸರೋಜಳ ತಮ್ಮ ನಾಗರಾಜ. ಅವನು ಬೆಸುಗೆ ಕೆಲಸದಲ್ಲಿ ನಿಪುಣ. ಯಾವುದೋ ಕ್ಯಾಂಟೀನಿಗೆ ಊಟ ಸಾಗಿಸಿ ಸಾಗಿಸಿ ಸುಸ್ತಾಗಿದ್ದ ವ್ಯಾನೊಂದನ್ನು ತಂದು, ಒಳಗೆ ಮಡಚುವ ಮಂಚ, ಸೀಮೆಎಣ್ಣೆ ಸ್ಟೌವಿಗೊಂದು ಕಟ್ಟೆ, ನೀರಿನ ಡ್ರಮ್ಮು ಎಲ್ಲ ಕೂರಿಸಿ, "ಭಾವ, ಇದು ಮನೆ. ಆದ್ರೆ ಓಡುತ್ತೆ" ಅಂದ. ಓಡುತ್ತೆ ಅನ್ನುವುದು ಸ್ವಲ್ಪ ದೊಡ್ಡ ಮಾತು. ಸರೋಜ ತನ್ನ ಹಳೇ ಸೀರೆ ಹರಿದು ಕಿಟಕಿಗೆ ಪರದೆ ಹಾಕಿದಳು. ಎಷ್ಟು ತೊಳೆದರೂ ವ್ಯಾನಿನಿಂದ ಸಾಂಬಾರಿನ ವಾಸನೆ ಮಾತ್ರ ಹೋಗಲಿಲ್ಲ. ಎಂಥ ರಮ್ಯ ಸೂರ್ಯೋದಯ ಕಂಡರೂ ನಮಗೆ ಹಸಿವಾಗುತ್ತಿತ್ತು.

ಒಂದು ಶನಿವಾರ ಮೂವರೂ ಹೊಸೂರು ರಸ್ತೆ ಹಿಡಿದು, ಸಿಂಗಸಂದ್ರ, ಹೆಬ್ಬಗೋಡಿ ದಾಟಿ, ಆನೇಕಲ್ ಕಡೆಗೆ ತಿರುಗಿ ಕೆರೆ ಏರಿಯೊಂದರ ಪಕ್ಕ ತಂಗಿದೆವು. ಆ ಕಡೆ ಆಗಿನ್ನೂ ಅಲ್ಲೊಂದು ಇಲ್ಲೊಂದು ಕಾರ್ಖಾನೆಯ ಗೋಡೆ ಏಳುತ್ತಿತ್ತು, ಉಳಿದದ್ದೆಲ್ಲ ರಾಗಿ. ಬೆಳಗ್ಗೆ ಕಣ್ಣುಬಿಟ್ಟರೆ ಸೀರೆಯ ಪರದೆಯ ಮಾವಿನಕಾಯಿ ಚಿತ್ತಾರ ಬಿಸಿಲಾಗಿ ನನ್ನ ಹೊದಿಕೆಯ ಮೇಲೆ ತೇಲುತ್ತಿತ್ತು. ಇಳಿದು ನೋಡಿದೆ. ಮಂಜು ಕೆರೆಯಿಂದ ಎದ್ದು, ಹಸುರು ತೆನೆಗಳನ್ನು ಒಂದೊಂದಾಗಿ ಸವರಿಕೊಂಡು, ಎಲ್ಲಿಗೂ ಹೋಗುವ ಅವಸರವಿಲ್ಲದಂತೆ ನಿಂತಿತ್ತು. ನಾನು ಎಚ್ಚರವಾಗಿದ್ದೇನೋ ಇಲ್ಲವೋ ಎಂದೇ ಅನುಮಾನವಾಯಿತು. ಮೂರು ಕಾಲಿನ ಸ್ಟ್ಯಾಂಡು ನೆಟ್ಟು, ಕ್ಯಾಮೆರಾ ಕೂರಿಸಿ, ಒಂದು ಕಣ್ಣು ಮುಚ್ಚಿದೆ.

ಇನ್ನೊಂದು ಕಣ್ಣಿನ ತುಂಬ ಒಬ್ಬ ಮುದುಕಿ! ಎರಡೂ ಕೈ ಚಾಚಿ ಹೊಲಕ್ಕೆ ಅಡ್ಡ ನಿಂತಿದ್ದಳು.

"ಅಳ್ತೆ ಮಾಡಾಕ್ ಬಂದ್ರಾ? ಓಗ್ರಿ ಆಚೆ!"

"ಅಜ್ಜಿ, ಇದು ಅಳತೆ ಯಂತ್ರ ಅಲ್ಲ, ಕ್ಯಾಮೆರಾ."

"ಅವ್ರೂ ಇಂಗೇ ಮೂರು ಕಾಲಿನ ಮ್ಯಾಲೆ ಮಡಗಿ ಒಕ್ಕಣ್ಣಾಗೆ ನೋಡಿದ್ರು. ಆಮ್ಯಾಕೆ ನಮ್ ಭಾವನ ಒಲದಾಗೆ ಕಲ್ಲು ನೆಟ್ರು!"

ಅವಳ ಕೂಗಿಗೆ ಏಳೆಂಟು ಜನ ಓಡಿಬಂದರು. ಒಬ್ಬ ವ್ಯಾನಿನ ಬೀಗದ ಕೈ ಕಿತ್ತುಕೊಂಡ. ನಾಗರಾಜ ಮಂಚದಿಂದ ಏಳದೆ ನಿದ್ದೆಯ ನಟನೆ ಮಾಡಿದ. ನಾನು ಬೆಳಕು, ನೆರಳು, ಸೌಂದರ್ಯ ಎಂದು ಏನೇನೋ ತೊದಲಿದೆ. ಅದರಿಂದ ಅವರ ಅನುಮಾನ ಹೆಚ್ಚಾಯಿತು. ಅಷ್ಟರಲ್ಲಿ ಸರೋಜ ಕೆದರಿದ ಕೂದಲಲ್ಲೇ ಇಳಿದು ಬಂದು, "ಅಜ್ಜಿ, ಮೊದಲು ಕಾಫಿ ಕುಡೀರಿ" ಎಂದು ಲೋಟ ಕೈಗಿಟ್ಟಳು. ಮುದುಕಿ ಅವಳನ್ನು, ಪರದೆಯನ್ನು, ಸ್ಟೌವನ್ನು ನೋಡಿ ತೀರ್ಪು ಕೊಟ್ಟಳು: "ಬಿಡ್ರಲಾ. ಅಳ್ತೆಯೋರು ಎಂಡ್ರನ್ನ ಕರ್ಕೊಂಡ್ ಬರಾಕಿಲ್ಲ."

ಕಾಫಿ ಮುಗಿಸಿ, ಹೆಸರು ಮುನಿಯಮ್ಮ ಎಂದು ಹೇಳಿ, ಸೆರಗು ಸರಿಮಾಡಿಕೊಂಡಳು. "ಫೋಟೋನೇ ಆದ್ರೆ ನಂದೊಂದು ತಗೀರಿ, ನಮ್ ಒಲದಾಗೆ. ನಾಳೆ ಯಾವನಾದ್ರೂ ಬಂದು ಇದು ನಿಂದಲ್ಲ ಅಂದ್ರೆ ತೋರಿಸ್ಬೈದು." ಕಾಗದಪತ್ರದ ಮುಂದೆ ಫೋಟೋ ನಿಲ್ಲುವುದಿಲ್ಲವೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಎಳೆಬಿಸಿಲು ಅವಳ ಮುಖದ ಒಂದೊಂದು ಗೆರೆಯಲ್ಲೂ ಇಳಿಯುತ್ತಿತ್ತು. ನಾನು ನನ್ನ ಸಿದ್ಧಾಂತ ಮರೆತು, ಹತ್ತಿರ, ಇನ್ನೂ ಹತ್ತಿರ ಹೋಗಿ ತೆಗೆದೆ. ಉಳಿದವರೂ ತಂತಮ್ಮ ಹೊಲಕ್ಕೆ ಕರೆದೊಯ್ದರು. ರೀಲು ಮುಗಿದಾಗ ಮಂಜೂ ಮುಗಿದಿತ್ತು.

ಪ್ರಿಂಟು ನೋಡಿ ಸರೋಜ ಮೊದಲ ಸಲ, "ಇದು ನೋಡ್ರೀ ಫೋಟೋ" ಅಂದಳು. ಉಬ್ಬಿಹೋಗಿ ಮುಂದಿನ ಭಾನುವಾರ ಬೆಳ್ಳಂಬೆಳಗ್ಗೆಯೇ ಕೊಡಲು ಹೋದೆವು. ಮುನಿಯಮ್ಮ ಫೋಟೋವನ್ನು ಹಿಡಿದು ನೋಡಿದಳು, ತಿರುಗಿಸಿ ಹಿಂಬದಿಯನ್ನೂ ನೋಡಿದಳು.

"ಒಲ ಎಲ್ಲೈತೆ?"

"ನಿಮ್ಮ ಮುಖ ಎಷ್ಟು ಚೆನ್ನಾಗಿ ಬಂದಿದೆ ಅಜ್ಜಿ!"

"ನನ್ ಮೋರೆ ನಂದಲ್ಲ ಅಂತ ಯಾರಂತಾರೆ ಸಾರ್?"

ಮತ್ತೆ ಸ್ಟ್ಯಾಂಡು ನೆಟ್ಟೆ. ಅವಳು ತಾನಾಗಿಯೇ ಪಕ್ಕಕ್ಕೆ ಸರಿದು, "ಒಲ ಅಷ್ಟೂ ಬರ್ಲಿ, ನಾನ್ ಬ್ಯಾಡ" ಅಂದಳು. ಯಾರೂ ಇಲ್ಲದ ಹೊಲ, ಮಂಜು, ಬೆಳಕು. ವರ್ಷಗಳಿಂದ ನಾನು ಕನಸು ಕಂಡ ಚಿತ್ರ! ಆದರೆ ಯಾಕೋ ಬಿಕೋ ಅನ್ನಿಸಿತು. "ಒಂದು ಮೂಲೇಲಾದ್ರೂ ನಿಂತ್ಕೊಳ್ಳಿ ಅಜ್ಜಿ" ಎಂದು ಅಂಗಲಾಚಿದೆ. ಹೋಗಲಿ ಪಾಪ ಎಂದು ದೂರದ ಬದುವಿನ ಮೇಲೆ ಒಂದು ತೆನೆಯಷ್ಟು ಚಿಕ್ಕದಾಗಿ ನಿಂತಳು.

ಆ ಪ್ರಿಂಟನ್ನು ಕೊಟ್ಟಾಗ ಮುನಿಯಮ್ಮ ತುಂಬ ಹೊತ್ತು ನೋಡಿದಳು. "ಒಲ ಅಷ್ಟೂ ಐತೆ. ಬದು ಐತೆ. ನಾನೂ ಇವ್ನಿ" ಎಂದು ಬೆರಳಿಟ್ಟು ಲೆಕ್ಕ ಒಪ್ಪಿಸಿದವಳು, ಚಿತ್ರದ ಕೆಳಗಿನ ಅಂಚಿಗೆ ಬಂದು ಗಕ್ಕನೆ ಬೆರಳು ನಿಲ್ಲಿಸಿದಳು. ತೆಗೆಯುವಾಗ ಬಿಸಿಲು ನನ್ನ ಬೆನ್ನಿಗಿದ್ದುದನ್ನು ನಾನು ಮರೆತಿದ್ದೆ. "ಇಲ್ಯಾವನೋ ಕರ್ರಗೆ, ಉದ್ದಕ್ಕೆ ನನ್ ಒಲದಾಗೆ ಮಲಗವ್ನಲ್ಲ ಸಾರ್, ಇವ್ನಿಗೆಷ್ಟು ಪಾಲು ಬೇಕಂತೆ?"

ಅದು ನನ್ನದೇ ನೆರಳೆಂದು ಹೇಳಿಕೊಳ್ಳಲು ನಾಚಿಕೆಯಾಗಿ, "ಏನೂ ಬೇಡವಂತೆ ಅಜ್ಜಿ" ಅಂದೆ.