ಭಾವನ ಸೀರೆ ಪಾಠ

ಇದನ್ನು ಬರೆಯುವುದನ್ನು ಎರಡು ವರ್ಷದಿಂದ ಮುಂದೂಡುತ್ತಲೇ ಬಂದಿದ್ದೇನೆ. ಕನ್ನಡಕ ಸರಿಯಿಲ್ಲ ಎಂದೆ, ಪೆನ್ನು ಸರಿಯಿಲ್ಲ ಎಂದೆ. ಸರಿಯಿಲ್ಲದ್ದು ನಾನು. ಇರಲಿ. ನ್ಯಾಮತಿಯ ನಮ್ಮ ಭಾವ ಎಪ್ಪತ್ತೆರಡನೇ ವಯಸ್ಸಿನಲ್ಲಿ ಸೀರೆ ಉಡಲು ಕಲಿತರು ಎಂದರೆ ನಂಬುತ್ತೀರಾ?

ನಂಬಲೇಬೇಕು, ಕಲಿಸಿದವನು ನಾನೇ! ಹರೆಯದಲ್ಲಿ ಹೊನ್ನಾಳಿ ಸುತ್ತಿನ ನಾಟಕಗಳಲ್ಲಿ ಸ್ತ್ರೀ ಪಾತ್ರ ಮಾಡುತ್ತಿದ್ದೆ. ಅಕ್ಕನಿಗೆ ಮರೆವಿನ ಕಾಯಿಲೆ ಬಂದು ಸೀರೆ ಉಡುವುದೂ ಮರೆತುಹೋಗಿತ್ತು. ಭಾವನಿಗೆ ಸಹಾಯ ಬೇಕಿತ್ತು, ಕೇಳಲು ಬಾಯಿ ಬರಲಿಲ್ಲ. ಆಗ ನನಗಿದು ಗೊತ್ತಿರಲಿಲ್ಲ. ನಿಮಗೆ ಈಗಲೇ ಹೇಳಿಬಿಟ್ಟೆ, ನಗುವಾಗ ನೀವಾದರೂ ಎಚ್ಚರವಾಗಿರಲಿ ಎಂದು.

ಒಂದು ಮಧ್ಯಾಹ್ನ ಜಗುಲಿಯಲ್ಲಿ ಜೋಂಪು ಹತ್ತಿತ್ತು. ಬಿಸಿಲು ಹಾಲಿನ ಕೆನೆಯಂತೆ ತೇಲುತ್ತಿತ್ತು. ಕಣ್ಣು ಬಿಟ್ಟರೆ ಭಾವ!

"ಸೀರೆ ಉಡೋದು ಹೆಂಗೆ, ಹೇಳಿಕೊಡಪ್ಪ."

"ಯಾಕ್ರೀ ಭಾವ?"

"ನಾಟಕ ಐತೆ. ನಂದು ರಾಣಿ ಪಾರ್ಟು."

"ಈ ಮೀಸೆ?"

"ರಾಣಿಗೆ ಮೀಸೆ ಇರಬಾರದು ಅಂತ ಕಾನೂನು ಐತೇನು?"

ಪಂಚೆಯ ಮೇಲೆಯೇ ನನ್ನ ಹೆಂಡತಿಯ ಹಳೇ ಸೀರೆ ಉಡಿಸಿದೆ. ಭಾವ ಮೋಡದ ಮೇಲೆ ನಡೆಯುವವರಂತೆ ಎರಡು ಹೆಜ್ಜೆ ಇಟ್ಟು, ಮೂರನೆಯದಕ್ಕೆ ಕಂಬ ಅಪ್ಪಿಕೊಂಡರು! ವಿಡಿಯೊ ಮಾಡಿ ನೆಂಟರಿಗೆಲ್ಲ ಕಳಿಸಿದೆ.

ಮುಂದಿನ ವಾರ ತೆಂಗಿನ ನಾರು ತಂದು ಜಡೆ ಹೆಣೆಯಲು ಕೂತರು.

"ಬಿಗಿಯಾಗಿ ಎಳೆದ್ರೆ ತಲೆ ನೋಯ್ತೈತೇನೋ?"

"ನಾರಿಗೆ ತಲೆನೋವಾ ಭಾವ? ಮಾತ್ರೆ ಕೊಡಿಸೋಣ ಬಿಡ್ರಿ!"

ಮೂರನೇ ಸಲ ಬಂದಾಗ, "ಎದುರಿಗೆ ನಿಂತೋರಿಗೆ ಉಡಿಸಾಕೆ ಹೋದ್ರೆ ಎಡ ಬಲ ಅದಲುಬದಲಾಗ್ತೈತಲ್ಲೋ?" ಎಂದರು.

"ರಾಣಿಗೆ ಸಖಿ ಬೇರೆ ಇದ್ದಾಳೇನ್ರೀ?"

ಭಾವ ಏನೋ ಹೇಳಲು ಬಾಯಿ ತೆರೆದರು. ನಾನು ನಗುತ್ತಲೇ ಇದ್ದೆ. ಅವರು ಎದ್ದು ಬಸ್ಸಿಗೆ ಹೋದರು.

ರಾಣಿಗೆ ಕಿರೀಟ ಬೇಡವೇ? ರಟ್ಟಿನದೊಂದು ಹುಡುಕಿಕೊಂಡು ನ್ಯಾಮತಿ ಬಸ್ಸು ಹತ್ತಿದೆ. ಕಿಟಕಿಯಾಚೆ ಮೆಕ್ಕೆಜೋಳದ ಹೊಲಗಳು ನಿದ್ದೆಯಲ್ಲಿ ತೂಗುತ್ತಿದ್ದವು. ಅಕ್ಕನ ಮನೆಗೆ ಹೋಗಿ ವರ್ಷವಾಗಿತ್ತು. ಫೋನಿನಲ್ಲಿ ಅವಳು "ಊಟ ಆಯ್ತೇನೋ?" ಎಂದು ಐದನೇ ಸಲ ಕೇಳಿದ ದಿನ, "ತಲೆ ಕೆಟ್ಟೈತೇನೆ ನಿಂಗೆ? ಇನ್ನ ಫೋನ್ ಮಾಡಬೇಡ" ಎಂದು ಇಟ್ಟುಬಿಟ್ಟಿದ್ದೆ. ಆಮೇಲೆ ಅವಳ ಫೋನು ಬರಲಿಲ್ಲ. ನಾನು ಹಾಯಾಗಿದ್ದೆ.

ಬಾಗಿಲು ತೆರೆದಿತ್ತು. ನಡುಮನೆಯಲ್ಲಿ ಅಕ್ಕ ಗೊಂಬೆಯಂತೆ ನಿಂತಿದ್ದಳು. ಸೆರಗು ತಪ್ಪಿ ಬಲ ಹೆಗಲಿಗೆ ಬಿದ್ದಿತ್ತು. ಮುಂದೆ ಭಾವ ಮಂಡಿಯೂರಿ ನೆರಿಗೆ ಜೋಡಿಸುತ್ತಿದ್ದರು. ನಾನು ಕಿರೀಟವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

"ಯಾರ್ರೀ ಇವ್ರು?" ಅಕ್ಕ ಗಂಡನನ್ನು ಕೇಳಿದಳು.

"ನಿನ್ ತಮ್ಮ ಕಣೆ. ನಂಗೆ ಸೀರೆ ಕಲಿಸಿದ ಮೇಷ್ಟ್ರು."

"ನನಗ್ಯಾಕೆ ಹೇಳಲಿಲ್ಲ ಭಾವ?" ಎಂದೆ.

"ಮೂರು ಸಲವೂ ಹೇಳಾಕೇ ಬಂದಿದ್ದೆ. ನೀನು ಭಾಳ ಖುಷಿಯಾಗಿದ್ದೆ."

"ತಪ್ಪಾಯ್ತು ಭಾವ."

"ಅದಿರ್ಲಿ, ಈ ನೆರಿಗೆ ಹಿಡ್ಕ. ನಂಗೆ ಮಂಡಿ ನೋಯ್ತೈತೆ."

ಹಿಡಿದೆ. ಈಗ ವಾರಕ್ಕೆ ಎರಡು ದಿನ ಹೋಗುತ್ತೇನೆ. ಭಾವ ಅಷ್ಟು ಹೊತ್ತು ಪೇಟೆಗೆ ಹೋಗಿ, ಚಹಾ ಕುಡಿದು, ಮೀಸೆ ಕತ್ತರಿಸಿಕೊಂಡು ಬರುತ್ತಾರೆ. ಅವರಿಗೆ ತಪ್ಪಾಯ್ತು ಎಂದದ್ದಾಯಿತು. ಫೋನಿನಲ್ಲಿ ಆಡಿದ ಮಾತಿಗೆ? ನಾಲಿಗೆಯ ತುದಿವರೆಗೆ ಬರುತ್ತದೆ, ಅಲ್ಲೇ ನಿಲ್ಲುತ್ತದೆ. ಕ್ಷಮಿಸಬೇಕಾದವಳು ಕುರ್ಚಿ ಸರಿಸಿ, ಹೊರಗಿನವರಿಗೆ ಹೇಳುವಂತೆ, "ಕೂತ್ಕಳ್ರಿ, ಎಲ್ಲಿಂದ ಬಂದ್ರಿ?" ಎನ್ನುತ್ತಾಳೆ.

"ಹೊನ್ನಾಳಿಯಿಂದ" ಎನ್ನುತ್ತೇನೆ. "ಹೊನ್ನಾಳಿಯಾಗೆ ನನ್ ತಮ್ಮ ಅದಾನೆ, ಭಾಳ ಒಳ್ಳೆಯವನು" ಎನ್ನುತ್ತಾಳೆ ನನ್ನಕ್ಕ, ಹಾಲಮ್ಮ.